ಬಾಲದ ಬಿಜಾಗರಿ

ಹೊಳೆ ದಾಟಿ ಬರಲಿಲ್ಲ ಕಂಬ.
ಗಂಗಾವಳಿ ಅಳಿವೆಯ ಆಚೆ ದಡದಲ್ಲೇ ನಿಂತು
ಇಪ್ಪತ್ತು ವರ್ಷದಿಂದ ನಮ್ಮನ್ನು ನೋಡುತ್ತದೆ.
ಜಾಗಕ್ಕೆ ಕಾಗದ ಇಲ್ಲವಂತೆ.
ಮರಳಿಗೆ ಯಾರು ಬರೆದುಕೊಡುತ್ತಾರೆ ಪಟ್ಟಾ?
ಗಾಳಿ ಮಾತ್ರ ಯಾವ ಕಾಗದವನ್ನೂ ಕೇಳದೆ
ಒಲೆಯ ತನಕ ಬರುತ್ತದೆ,
ಅನ್ನಕ್ಕೆ ಮರಳು ಹಾಕಿ ಹೋಗುತ್ತದೆ.

ಇನಾಸ ಬೈತಖೋಲದಲ್ಲಿ ಟ್ರಾಲರಿಗೆ ಬೆಸುಗೆ ಹಾಕುವವ.
ಬೋಟುಗಳು ದಡ ಹತ್ತಿ ಕೂತ ಎರಡು ತಿಂಗಳು
ಅವನ ಕೈ ಸುಮ್ಮನಿರುವುದಿಲ್ಲ.
ಅಂಕೋಲೆಯ ಗುಜರಿಯಿಂದ ಹೊತ್ತು ತಂದ
ಯಾರದೋ ಕರೆಂಟ್ ಸ್ಕೂಟರಿನ ಹಿಂದಿನ ಚಕ್ರ.
‘ಬ್ಯಾಟರಿ ಸತ್ತದೆ, ಚಕ್ರ ಸತ್ತಿಲ್ಲ ದುರ್ಗಕ್ಕ.
ಕರೆಂಟು ತಿಂದು ತಿರುಗಿದ್ದು ಇದು,
ಈಗ ನಾವು ತಿರುಗಿಸಿದರೆ
ತಿಂದದ್ದು ಕಕ್ಕಬೇಕಲ್ಲ?’
ಸಾಲ ವಸೂಲಿಗೆ ಬಂದವನ ಹಾಗೆ ಹೇಳಿದ.

ನಾನು ನಗಲಿಲ್ಲ. ಅದರಲ್ಲಿ ಏಳುನೂರು ನನ್ನದು,
ಮೂರು ಬಲೆ ರಿಪೇರಿಯ ದುಡ್ಡು.
ಚಿಮಣಿ ದೀಪಕ್ಕೂ ನೈಲಾನಿಗೂ ಆಗಿಬರುವುದಿಲ್ಲ;
ಹೋದ ವರ್ಷ ಒಂದು ಕಿಡಿಗೆ
ರೋಹಿದಾಸನ ಬಲೆಯಲ್ಲಿ ಆಳು ನುಸಿಯುವಷ್ಟು ತೂತು.
ಇನ್ನೂ ತೀರಿಸುತ್ತಿದ್ದೇನೆ.

ಆರಿಂಚಿನ ಪೈಪು ಸೀಳಿ ಮೂರು ಎಸಳು ಮಾಡಿದ.
ಕಂಬಕ್ಕೇರಿಸಿದರೆ
ಚಳಿಜ್ವರ ಬಂದವರ ಹಾಗೆ ನಡುಗಿತು, ತಿರುಗಲಿಲ್ಲ.
ನಾನು ಮೂಲೆಯಲ್ಲಿದ್ದ ಹುಟ್ಟು ತಂದುಕೊಟ್ಟೆ,
ಅದರ ಅಲಗಿನ ಮೇಲೆ ಅವನ ಬೆರಳು ಆಡಿಸಿದೆ.
ಅಪ್ಪನ ಹಾಯಿಯೂ ಹೀಗೇ ಇತ್ತು ಇನಾಸ,
ಎಲ್ಲ ಕಡೆ ಒಂದೇ ಓರೆ ಇರಲಿಲ್ಲ.
ಬುಡದಲ್ಲಿ ಜಾಸ್ತಿ ತಿರುಚು,
ತುದಿಗೆ ಬರುತ್ತ ಬಿಡು, ಬಿಡು.
ನನ್ನ ಬಚ್ಚಲ ಹಂಡೆಯಲ್ಲೇ ಪೈಪು ಬೇಯಿಸಿದ.
ವಾರವೆಲ್ಲ ನಮ್ಮ ಮೈ ಪ್ಲಾಸ್ಟಿಕ್ ನಾರುತ್ತಿತ್ತು.

ಮತ್ತೆ ಏರಿಸಿದಾಗ ತಿರುಗಿತು. ತಿರುಗಿ
ಎಸಳು ಮೂರು ಹೋಗಿ ಒಂದು ಬಿಳಿ ಬಟ್ಟಲಾಯಿತು.
ಡಯೋಡು ಯಾಕೆ ಎಂದು ಕೇಳಿದ್ದಕ್ಕೆ
ಬಹಳ ಇಂಗ್ಲಿಷು ಹೇಳಿದ, ಕೊನೆಗೆ
‘ಕೂಳಿಯ ಬಾಯಿ’ ಎಂದ.
ಅಷ್ಟು ಸಾಕಾಯಿತು ನನಗೆ:
ಒಳಗೆ ಬಂದ ಮೀನು ಹೊರಗೆ ಹೋಗುವುದಿಲ್ಲ,
ರಾತ್ರಿಯಿಡೀ ಲಾರಿಯ ಹಳೇ ಬ್ಯಾಟರಿಯಲ್ಲಿ ಕೂತಿರುತ್ತದೆ.

ಹತ್ತನೇ ದಿನ ಪಡುಗಾಳಿ ಬಂತು,
ಮಡಲು ಹಾರಿಸುವ ಗಾಳಿ.
ಮೊದಲು ಊಳಿಟ್ಟಿತು, ಆಮೇಲೆ ಕಿರುಚಿತು.
ಬೆಳಗ್ಗೆ ನೋಡಿದರೆ ಒಂದು ಎಸಳು ಗೇರುಮರದಲ್ಲಿ,
ಇನ್ನೊಂದು ರೋಹಿದಾಸನ ಹಂಚಿನೊಳಗೆ.
(ಆ ಲೆಕ್ಕವೂ ನನ್ನ ಹೆಸರಿಗೇ.)
ಇನಾಸ ದಪ್ಪ ಕಂಬ ಹುಡುಕಲು ಹೊರಟ.

ತಡೆದೆ. ಬಿರುಗಾಳಿಗೆ ಅಪ್ಪ
ಕೂವೆಮರ ದಪ್ಪ ಮಾಡಲಿಲ್ಲ ಮಾರಾಯ,
ಹಾಯಿ ಇಳಿಸುತ್ತಿದ್ದ.
ನಿನ್ನ ಯಂತ್ರಕ್ಕೆ ಮುಖ ತಿರುಗಿಸಲು ಬರುತ್ತದಾ?

ಅವನು ಬಹಳ ಹೊತ್ತು ಮಾತಾಡಲಿಲ್ಲ.
ಎದ್ದುಹೋಗಿ ನನ್ನ ಬಾಗಿಲಿನ
ಮೇಲಿನ ಬಿಜಾಗರಿ ಬಿಚ್ಚಿದ.
ಹೆದ್ದಾರಿ ಅಗಲ ಮಾಡುವಾಗ ಎಸೆದ ಬೋರ್ಡಿನಿಂದ
ಬಾಲದ ತಗಡು ಮಾಡಿದ್ದ, ‘ಮುಂದೆ ತಿರುವು ಇದೆ’
ಎಂದು ಇನ್ನೂ ಓದಬಹುದು.
ಆ ಬಾಲಕ್ಕೆ ಈ ಬಿಜಾಗರಿ, ಓರೆಯಾಗಿ.
ಗಾಳಿ ಮಿತಿ ಮೀರಿದರೆ ಬಾಲ ಮಡಚುತ್ತದೆ,
ಚಕ್ರ ಪಕ್ಕಕ್ಕೆ ಸರಿದು ನಿಲ್ಲುತ್ತದೆ,
ಹಾದುಹೋಗು ಎಂಬಂತೆ.

ಒಟ್ಟು ಮೂರು ಸಾವಿರದ ಎಂಟುನೂರು.
ಬಾಗಿಲನ್ನು ಬಲೆಯ ಹಗ್ಗದಿಂದ ಕಟ್ಟಿದ್ದೇವೆ.

ಸಂಜೆ, ಕಡಲ ಗಾಳಿ ಸತ್ತು
ಮೂಡುಗಾಳಿ ಇನ್ನೂ ಹುಟ್ಟದ ಅರ್ಧ ತಾಸು
ಎಲ್ಲ ನಿಂತಿರುತ್ತದೆ. ಬಲ್ಬು ಮಾತ್ರ
ಮಧ್ಯಾಹ್ನದ ಗಾಳಿಯನ್ನು ಉರಿಸುತ್ತಿರುತ್ತದೆ.
ಆಮೇಲೆ ಗುಡ್ಡದ ಕಡೆಯಿಂದ ಬರುತ್ತದೆ, ಮೆಲ್ಲಗೆ,
ಮೀನು ಮಾರಿ ಬಂದವಳ ಹಾಗೆ ಕಾಲೆಳೆದುಕೊಂಡು.
ಹೊಸ ಎಸಳುಗಳಲ್ಲಿ ಒಂದು ಸ್ವಲ್ಪ ಭಾರ,
ಸುತ್ತಿಗೊಮ್ಮೆ ಟಕ್ ಎನ್ನುತ್ತದೆ.
ಸರಿಮಾಡುತ್ತೇನೆ ಎನ್ನುತ್ತಾನೆ ಇನಾಸ ಬಂದಾಗೆಲ್ಲ.
ಬೇಡ ಎನ್ನುತ್ತೇನೆ. ಆ ಟಕ್ಕಿಗೊಂದು
ಗಂಟು ಹಾಕಿ ರೂಢಿಯಾಗಿದೆ.